ಯಾಡಿ, ಬಾಟಿ, ಪಾಣಿ: ತಾಂಡಾದ ಹೆಣ್ಣುಮಕ್ಕಳಿಗೆ ಅವರ ಮಾತಿನಲ್ಲೇ ಓದು ಕಲಿಸುವುದು ಹೇಗೆ?

ನಮ್ಮ ಚರ್ಚಿನ ಸಭೆಯ ಸ್ತ್ರೀಯರ ಕೂಟದವರು ಲಂಬಾಣಿ ಜನರ ತಾಂಡಾದಲ್ಲಿ ಮೊದಲ ಸಲ ಅಕ್ಷರದ ತರಗತಿ ಶುರು ಮಾಡಿದಾಗ ಗೋಡೆಗೆ ಒಂದು ಬಣ್ಣದ ಪಟ ತೂಗುಹಾಕಿದ್ದೆವು. ಅ ಅಂದರೆ ಅರಸ, ಆ ಅಂದರೆ ಆನೆ. ಹದಿನಾರು ಜನ ಬಂದಿದ್ದರು. ಎರಡನೇ ದಿನ ಒಬ್ಬರು ಕೇಳಿದರು, "ಅರಸ ಅಂದ್ರ ಏನ್ರೀ ಅಕ್ಕಾ?" ರಾಜ ಅಂದೆ. ಅವರು ಸುಮ್ಮನಾದರು. ಮೂರು ವಾರ ಕಳೆಯುವಷ್ಟರಲ್ಲಿ ನಾಲ್ಕೇ ಜನ ಉಳಿದಿದ್ದರು. ಹೊಲದ ಕೆಲಸ ಜಾಸ್ತಿ, ಮಕ್ಕಳ ಕಾಟ, ದಣಿವು ಅಂತ ನಾವು ಕಾರಣ ಹುಡುಕಿದೆವು. ನಿಜವಾದ ಕಾರಣ ಆ ಗೋಡೆಯ ಮೇಲೇ ತೂಗುತ್ತಿತ್ತು. ಅಕ್ಷರವೂ ಹೊಸದು, ಮಾತೂ ಹೊಸದು. ಎರಡು ಹೊರೆಯನ್ನು ಒಟ್ಟಿಗೆ ಅವರ ತಲೆ ಮೇಲೆ ಇಟ್ಟಿದ್ದೆವು.

ಲಂಬಾಣಿ ಹೆಣ್ಣುಮಕ್ಕಳು ಸಂತೆಯಲ್ಲಿ, ಬಸ್ಸಿನಲ್ಲಿ ಕನ್ನಡ ಆಡುತ್ತಾರೆ, ಚೆನ್ನಾಗಿಯೇ ಆಡುತ್ತಾರೆ. ಆದರೆ ಮಗುವನ್ನು ಮಲಗಿಸುವುದು, ಜಗಳ ಆಡುವುದು, ದೇವರ ಮುಂದೆ ಅಳುವುದು ಎಲ್ಲ ತಮ್ಮ ಮನೆಮಾತು ಗೋರ್ ಬೋಲಿಯಲ್ಲಿ. ಆ ಮಾತಿಗೆ ಸ್ವಂತ ಲಿಪಿ ಇಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಜನಗಣತಿಯಲ್ಲಂತೂ ಅದನ್ನು ಹಿಂದಿಯ ಲೆಕ್ಕದೊಳಗೆ ಸೇರಿಸಿ ಎಣಿಸಿದ್ದಾರೆ. ತನ್ನ ಮಾತು ಕಾಗದದ ಮೇಲೆ ಇರುವುದನ್ನು ಈ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಒಮ್ಮೆಯೂ ನೋಡಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಗಂಡಸರ ಸಾಕ್ಷರತೆ ಶೇ. 82.47, ಹೆಂಗಸರದು ಶೇ. 68.08. ತಾಂಡಾದಲ್ಲಿ ನಲವತ್ತು ದಾಟಿದ ಹೆಂಗಸರ ನಡುವೆ ಹೋಗಿ ಕೂತರೆ ಈ ಅಂತರ ಕಣ್ಣಿಗೇ ಕಾಣುತ್ತದೆ.

ನಿಮ್ಮ ಸಭೆಯ ಹೆಂಗಸರ ಗುಂಪು ಇಂಥ ತರಗತಿ ಮಾಡಬೇಕು ಅಂದುಕೊಂಡಿದ್ದರೆ ಈ ಬರಹ ನಿಮಗಾಗಿ. ನಾನು ಹೇಳುವುದು ಲಂಬಾಣಿ ತಾಂಡಾದ ಕೆಲಸ. ಹಕ್ಕಿಪಿಕ್ಕಿಗಳ ವಾಗ್ರಿ ಬೋಲಿಗೂ, ಮನೆಯಲ್ಲಿ ಬೇರೆ ಮಾತಿರುವ ಯಾವ ಕೇರಿಗೂ ದಾರಿ ಇದೇ. ಪದಗಳು ಮಾತ್ರ ಬೇರೆ ಆಗುತ್ತವೆ.

ಇದು ನಮ್ಮ ನಾಡಿಗೆ ಹೊಸದಲ್ಲ

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್‌ನವರು ಕರಾವಳಿಯಲ್ಲಿ ಕನ್ನಡ ಕಲಿಸಿದರೆ ಸಾಕು ಅಂತ ಬಿಡಲಿಲ್ಲ. ಜನ ಆಡುವುದು ತುಳು ಅಂತ ಕಂಡು ತುಳುವನ್ನೇ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದರು. 1847ರಲ್ಲೇ ತುಳುವಿನಲ್ಲಿ ಹೊಸ ಒಡಂಬಡಿಕೆ ಬಂದಿತ್ತು. ಇನ್ನೊಬ್ಬರನ್ನು ನಾನು ಯಾವಾಗಲೂ ನೆನೆಯುತ್ತೇನೆ, ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಹುಟ್ಟಿದ್ದು ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಸಂಸ್ಕೃತದಲ್ಲಿ ಅಷ್ಟು ಪಾಂಡಿತ್ಯ ಇದ್ದವರು, ಸತ್ಯವೇದವನ್ನು ಮರಾಠಿಗೆ ತರುವಾಗ ಕಡಿಮೆ ಓದಿದ ಹೆಂಗಸರಿಗೂ ತಿಳಿಯುವ ಸರಳ ಮಾತನ್ನೇ ಆರಿಸಿಕೊಂಡರು. ಅವರು ಕೇಡಗಾಂವ್‌ನಲ್ಲಿ ಕಟ್ಟಿದ ಮುಕ್ತಿ ಮಿಷನ್‌ನಲ್ಲಿ ಅದರ ಅಚ್ಚಿಗೆ ಮೊಳೆ ಜೋಡಿಸಿದವರೂ ಹೆಂಗಸರೇ. ದೊಡ್ಡ ಪಂಡಿತೆ ತನ್ನ ಮಾತನ್ನು ತಗ್ಗಿಸಿಕೊಂಡರು. ಕಲಿಸಲು ಹೋಗುವ ನಮಗೆ ಇದೇ ಮೊದಲ ಪಾಠ.

ಮೊದಲ ತಿಂಗಳು ಸುಮ್ನೆ ಕೂತು ಕೇಳಿ

ಪಾಟಿ, ಬಳಪ ಏನೂ ತೆಗೆದುಕೊಂಡು ಹೋಗಬೇಡಿ. ತಾಂಡಾದ ನಾಯಕ ಮತ್ತು ಅವರ ಸಹಾಯಕ ಕಾರಭಾರಿಯನ್ನು ಮೊದಲು ಕಾಣಿ. ನೀವು ಯಾರು, ಯಾವ ಸಭೆಯವರು, ಯಾಕೆ ಬಂದಿದ್ದೀರಿ ಎಲ್ಲವನ್ನೂ ನೇರವಾಗಿ ಹೇಳಿ. ಚರ್ಚಿನವರು ಅನ್ನುವುದನ್ನು ಮುಚ್ಚಿಟ್ಟು ಶುರು ಮಾಡಿದ ತರಗತಿ ಒಂದಲ್ಲ ಒಂದು ದಿನ ಮುರಿಯುತ್ತದೆ. ಆಗ ಮಾತು ಕೇಳಬೇಕಾದವರು ನೀವಲ್ಲ, ನಿಮ್ಮನ್ನು ನಂಬಿ ಬಂದ ಹೆಣ್ಣುಮಕ್ಕಳು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ತರಗತಿಗೆ ಬರಲು ಯಾರೂ ಪ್ರಾರ್ಥನೆ ಮಾಡಬೇಕಿಲ್ಲ, ಭಾನುವಾರ ಬರಬೇಕಿಲ್ಲ, ಏನನ್ನೂ ಬಿಡಬೇಕಿಲ್ಲ. ತಾಂಡಾದಲ್ಲಿ ಲಂಬಾಣಿಗರ ಸಂತ ಸೇವಾಲಾಲರಿಗೆ ನಡೆದುಕೊಳ್ಳುವ ಮನೆಗಳೂ ಇರುತ್ತವೆ, ಯೇಸುವಿಗೆ ಪ್ರಾರ್ಥಿಸುವ ಮನೆಗಳೂ ಇರುತ್ತವೆ. ಎರಡೂ ಮನೆಯವರು ಒಂದೇ ಚಾಪೆಯ ಮೇಲೆ ಕೂರಬೇಕು. ಫೆಬ್ರವರಿ 15ರ ಸೇವಾಲಾಲ್ ಜಯಂತಿಗೆ ತರಗತಿಗೆ ರಜೆ ಕೊಡಿ. ಸತ್ಯವೇದ ಓದಬೇಕು ಅನ್ನುವ ಆಸೆಯಿಂದಲೇ ಅಕ್ಷರ ಕಲಿಯುವ ಹೆಂಗಸರು ತುಂಬ ಇದ್ದಾರೆ. ಅವರಿಗೆ ವಾರದಲ್ಲಿ ಬೇರೆ ಒಂದು ದಿನ ಇಡಿ. ಯೇಸು ಕುರುಡನಿಗೆ ಕಣ್ಣು ಕೊಟ್ಟಾಗ ಷರತ್ತು ಹಾಕಲಿಲ್ಲ. ಅಕ್ಷರವೂ ಕಣ್ಣೇ ಅಲ್ವಾ?

ಆ ತಿಂಗಳಲ್ಲಿ ಮಾಡಬೇಕಾದ ಕೆಲಸ ಒಂದೇ. ರೊಟ್ಟಿ ಬಡಿಯುವಾಗ, ನೀರಿಗೆ ಹೋಗುವಾಗ, ಕಸೂತಿ ಹಾಕುವಾಗ ಅವರ ಜೊತೆ ಇದ್ದು, ಮತ್ತೆ ಮತ್ತೆ ಬರುವ ಮಾತುಗಳನ್ನು ಬರೆದುಕೊಳ್ಳುವುದು. ಮನೆ, ಊಟ, ಕೆಲಸ, ನಂಟರು, ಭಯ, ಸಾಲ ಎಲ್ಲವೂ ಬರಲಿ. ನೂರು ಪದ ಆದರೆ ಸಾಕು.

ಹೊತ್ತು, ಜಾಗ, ಕನ್ನಡಕ

ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ತಾಂಡಾಗಳು ದೀಪಾವಳಿ ಆದಮೇಲೆ ಅರ್ಧ ಖಾಲಿ. ಕಬ್ಬು ಕಡಿಯಲು, ಊರೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಮರಳುತ್ತಾರೆ. ಆದ್ದರಿಂದ ತರಗತಿ ಏಪ್ರಿಲ್‌ನಲ್ಲಿ ಶುರುವಾಗಲಿ. ಬಿತ್ತನೆ ಸಮಯದಲ್ಲಿ ಎರಡು ವಾರ ಬಿಡುವು ಕೊಟ್ಟು ಅಕ್ಟೋಬರ್ ತನಕ ನಡೆಸಿ. ವಾರಕ್ಕೆ ಐದು ದಿನ, ದಿನಕ್ಕೆ ಒಂದೂವರೆ ತಾಸು. ಆರು ತಿಂಗಳಿಗೆ ಹತ್ತಿರ ಹತ್ತಿರ 180 ತಾಸು ಸಿಗುತ್ತದೆ. ಹೊತ್ತನ್ನು ಅವರೇ ಗೊತ್ತು ಮಾಡಲಿ. ಸಾಮಾನ್ಯವಾಗಿ ರಾತ್ರಿ ಊಟ ಆದಮೇಲೆ ಅನ್ನುತ್ತಾರೆ. ಜಾಗ ಯಾರದಾದರೂ ಮನೆಯ ಪಡಸಾಲೆ ಆಗಲಿ. ಪ್ರಾರ್ಥನಾ ಮಂದಿರ ಬೇಡ, ಕೆಲವರು ಹೊಸ್ತಿಲು ದಾಟಲು ಹಿಂಜರಿಯುತ್ತಾರೆ. ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ.

ಯಾರೂ ಹೇಳದ ಒಂದು ವಿಷಯ ಇದೆ. ನಲವತ್ತು ದಾಟಿದವರಲ್ಲಿ ಬಹಳ ಜನಕ್ಕೆ ಹತ್ತಿರದ್ದು ಮಂಜಾಗಿ ಕಾಣುತ್ತದೆ. "ನನ್ನ ತಲಿಗೆ ಹತ್ತಂಗಿಲ್ರೀ" ಅಂತ ಅವರು ಅಂದಾಗ ತಲೆಯನ್ನು ನೋಡಬೇಡಿ, ಕಣ್ಣನ್ನು ನೋಡಿ. ಮೊದಲ ದಿನವೇ ಎಲ್ಲರ ಕೈಗೂ ಸೂಜಿ ದಾರ ಕೊಡಿ. ಯಾರು ಸೂಜಿಯನ್ನು ದೂರ ಹಿಡಿಯುತ್ತಾರೆ, ಯಾರು ಪಕ್ಕದ ಹುಡುಗಿಯನ್ನು ಕರೆಯುತ್ತಾರೆ ಅಂತ ಗಮನಿಸಿ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ, ಓದುವ ಕನ್ನಡಕ ಕೊಡಿಸಿ. ಸಭೆಯ ಕಾಣಿಕೆಯ ಹಣವನ್ನು ಪುಸ್ತಕಕ್ಕೆ ಹಾಕುವ ಮೊದಲು ಕನ್ನಡಕಕ್ಕೆ ಹಾಕಿ.

ಯಾರು ಕಲಿಸಬೇಕು?

ಬಿ.ಎಡ್. ಮಾಡಿದ ಟೀಚರ್ ಬೇಕಿಲ್ಲ. ಹತ್ತನೇ ತರಗತಿ ಓದಿದ, ಅದೇ ತಾಂಡಾದ ಸೊಸೆ ಅಥವಾ ಮಗಳು ಬೇಕು. ಅವಳಿಗೆ ಗೋರ್ ಬೋಲಿ ಬರುತ್ತದೆ, ಯಾವ ಅತ್ತೆಯ ಮುಂದೆ ಹೇಗೆ ಕೂರಬೇಕು ಅಂತ ಗೊತ್ತು. ಸಭೆಯಿಂದ ಹೋದವರು ಅವಳ ಹಿಂದೆ ಕೂರಬೇಕು, ಮುಂದೆ ಅಲ್ಲ. ಅಮೆರಿಕದ ಮಿಷನರಿ ಫ್ರ್ಯಾಂಕ್ ಲಾಬಾಕ್ 1930ರಲ್ಲಿ ಫಿಲಿಪೀನ್ಸ್‌ನ ಮಿಂಡನಾವೊದಲ್ಲಿ ಮರನಾವೊ ಜನರಿಗೆ ಅವರದೇ ಮಾತಿನಲ್ಲಿ ಓದು ಕಲಿಸುತ್ತಿದ್ದರು. ಹಣ ನಿಂತುಹೋಗುವ ಹೊತ್ತು ಬಂತು. ಆಗ ಹುಟ್ಟಿದ ಕ್ರಮವೇ ಕಲಿತವರು ಇನ್ನೊಬ್ಬರಿಗೆ ಕಲಿಸುವುದು. ಮೂರನೇ ತಿಂಗಳಿಂದ ನೀವೂ ಹಾಗೆ ಮಾಡಿ. ಬೇಗ ಕಲಿತವರ ಪಕ್ಕ ನಿಧಾನಕ್ಕೆ ಕಲಿಯುವವರನ್ನು ಕೂರಿಸಿ.

ಕಲಿಯುವವರನ್ನು ಹೆಸರು ಹಿಡಿದು ಕರೆಯಬೇಡಿ. ದೊಡ್ಡವರಿಗೆ ಯಾಡಿ (ತಾಯಿ) ಅನ್ನಿ, ಓರಗೆಯವರಿಗೆ ಬಾಯಿ ಅನ್ನಿ. ತಪ್ಪು ಬರೆದಾಗ ಪಾಟಿಯ ಮೇಲೆ ಅಡ್ಡಗೆರೆ ಎಳೆಯಬೇಡಿ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ತೋರಿಸಿದರೆ ಸಾಕು, ಅವರೇ ನೋಡಿ ಅಳಿಸಿಕೊಳ್ಳುತ್ತಾರೆ.

ಮೊದಲ ಮೂರು ಪದ

ಈಗ ನಿಜವಾದ ಕೆಲಸಕ್ಕೆ ಬರೋಣ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರ. ಅ ದಿಂದ ಳ ತನಕ ಸಾಲಾಗಿ ಹೋದರೆ ಅರ್ಥ ಇರುವ ಒಂದು ವಾಕ್ಯ ಓದಲು ತಿಂಗಳುಗಳೇ ಬೇಕು. ದುಡಿದು ಬಂದ ಹೆಂಗಸು ಅಷ್ಟು ಕಾಯುವುದಿಲ್ಲ. ನಮ್ಮ ಸರ್ಕಾರಿ ಶಾಲೆಯ ನಲಿಕಲಿಯಲ್ಲೂ ಅ ಆ ಇ ಈ ಕ್ರಮ ಬಿಟ್ಟು ರ, ಗ, ಸ, ದ, ಅ ಅಂತ ಶುರು ಮಾಡುತ್ತಾರೆ. ನಾವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಕ್ಷರ ಬಿಟ್ಟು ಪದದಿಂದ ಶುರು ಮಾಡೋಣ.

ನಾವು ಬರೆದುಕೊಂಡ ನೂರು ಪದದಲ್ಲಿ ಮೂರು ಪದ ಒಂದೇ ಅಚ್ಚಿನವು ಅಂತ ಒಂದು ರಾತ್ರಿ ಕಂಡಿತು. ಯಾಡಿ ಅಂದರೆ ತಾಯಿ. ಬಾಟಿ ಅಂದರೆ ರೊಟ್ಟಿ. ಪಾಣಿ ಅಂದರೆ ನೀರು. ಮೂರರಲ್ಲೂ ಮೊದಲ ಅಕ್ಷರಕ್ಕೆ ಇಳಿ, ಎರಡನೆಯದಕ್ಕೆ ಗುಡಿಸು. ಆರು ವ್ಯಂಜನ, ಎರಡೇ ಗುರುತು. ಬದುಕಿಗೆ ಬೇಕಾದ ಮೂರು ಮಾತು ಕೂಡ.

ಮೊದಲ ದಿನ ಬರೆಯುವುದು ಬೇಡವೇ ಬೇಡ. ಒಂದು ಕೊಡ ನೀರು ತಂದು ನಡುವೆ ಇಡಿ. ನೀರಿನ ಬಗ್ಗೆ ಮಾತು ಶುರುವಾಗಲಿ. ಬೋರ್‌ವೆಲ್ ಎಷ್ಟು ದೂರ, ಯಾರು ತರುತ್ತಾರೆ, ಟ್ಯಾಂಕರ್ ಬರದ ದಿನ ಏನು ಮಾಡಿದಿರಿ? ಅರ್ಧ ತಾಸು ಮಾತಾಡಲಿ. ಆಮೇಲೆ ದೊಡ್ಡ ಹಾಳೆಯ ಮೇಲೆ ಪಾಣಿ ಅಂತ ಬರೆದು ಕೊಡಕ್ಕೆ ಒರಗಿಸಿ. "ನೀವು ಈಗ ಆಡಿದ ಮಾತು ಇದೇ" ಅಂತ ಹೇಳಿ. ಅಷ್ಟು ಹೊತ್ತಿನ ಕಷ್ಟ ಎಲ್ಲ ಆ ಎರಡು ಅಕ್ಷರದಲ್ಲಿ ಬಂದು ಕೂತಿರುತ್ತದೆ. ಬ್ರೆಜಿಲ್‌ನ ಶಿಕ್ಷಣ ಚಿಂತಕ ಪೌಲೋ ಫ್ರೇರೆ 1963ರಲ್ಲಿ ಅಂಗಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ ಇದೇ ಥರ ಅವರ ಬದುಕಿನ ಪದಗಳಿಂದಲೇ ಓದು ಕಲಿಸಿದರು. ಮುಂದೆ 1970ರಿಂದ ಅವರು ಜಿನೀವಾದಲ್ಲಿ ಚರ್ಚುಗಳ ವಿಶ್ವ ಮಂಡಳಿಯಲ್ಲಿ ಕೆಲಸ ಮಾಡಿದರು.

ಎರಡನೇ ದಿನ ಬಾಟಿ, ಮೂರನೇ ದಿನ ಯಾಡಿ. ನಾಲ್ಕನೇ ದಿನ ಮೂರೂ ಪದಗಳನ್ನು ಕತ್ತರಿಯಿಂದ ಎರಡೆರಡು ತುಂಡು ಮಾಡಿ. ಈಗ ಹೀಗೆ ಸಾಲು ಬರೆಯಿರಿ:

ಪ ಪಾ ಪಿ, ಣ ಣಾ ಣಿ
ಬ ಬಾ ಬಿ, ಟ ಟಾ ಟಿ
ಯ ಯಾ ಯಿ, ಡ ಡಾ ಡಿ

ಒಟ್ಟು ಹದಿನೆಂಟು. ತುಂಡುಗಳನ್ನು ಚಾಪೆಯ ಮೇಲೆ ಹರಡಿ, ಅವರೇ ಜೋಡಿಸಲಿ. ಪಾ ಮತ್ತು ಟಿ ಸೇರಿಸಿದರೆ ಪಾಟಿ, ಅವರ ಕೈಯಲ್ಲೇ ಇದೆ. ಬಾ ಮತ್ತು ಯಿ ಸೇರಿಸಿದರೆ ಬಾಯಿ. ಇಲ್ಲಿ ಸ್ವಲ್ಪ ನಿಲ್ಲಿ. ತಾಂಡಾದ ಹೆಚ್ಚಿನ ಹೆಂಗಸರ ಹೆಸರು ಮುಗಿಯುವುದು ಬಾಯಿ ಅಂತಲೇ. ಶಾಂತಾಬಾಯಿ, ಸೀತಾಬಾಯಿ, ಕಮಲಾಬಾಯಿ. ನಾಲ್ಕೇ ದಿನದಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರಿನ ಅರ್ಧವನ್ನು ಓದುತ್ತಾರೆ. ರೇಷನ್ ಕಾರ್ಡು, ಆಧಾರ್ ಕಾರ್ಡು ತಂದು ಬಾಯಿ ಎಲ್ಲಿದೆ ಅಂತ ಹುಡುಕಲು ಹೇಳಿ. ಆ ರಾತ್ರಿ ನಮ್ಮಲ್ಲಿ ಒಬ್ಬ ಅಜ್ಜಿ ಕಾರ್ಡಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ತೆಗೆಯಲೇ ಇಲ್ಲ.

ಆರು ಅಕ್ಷರದಲ್ಲಿ ಬ, ಟ, ಣ ಮೂರಕ್ಕೂ ತಲಕಟ್ಟು ಇಲ್ಲ. ಅದನ್ನು ಬಾಯಲ್ಲಿ ವಿವರಿಸಬೇಡಿ, ಅವರ ಕಣ್ಣೇ ಹಿಡಿಯುತ್ತದೆ. ಕಂಚಳಿ (ರವಿಕೆ) ಮೇಲೆ ಕನ್ನಡಿ ಕೂರಿಸಿ ಕಸೂತಿ ಹಾಕುವ ಕಣ್ಣು ಅದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಇದೆ. ಈ ಕೈಗೆ ಬರೆಯಲು ಬರುವುದಿಲ್ಲ ಅನ್ನುವುದು ಸುಳ್ಳು. ಬಳಪ ಹಿಡಿಯಲು ನಡುಗಿದರೆ ಹಳೇ ಬಟ್ಟೆಯ ಮೇಲೆ ದಾರದಿಂದ ಪಾ ಹೊಲಿಯಲು ಹೇಳಿ ನೋಡಿ.

ನಾಲ್ಕನೇ ಪದ ಬಾಪು, ಅಂದರೆ ಅಪ್ಪ. ಇದರಿಂದ ಕೊಂಬು ಬರುತ್ತದೆ. ಪು ಬರೆಯುವಾಗ ಕೊಂಬು ಬೇರೆ ಥರ ಅಂಟುತ್ತದೆ, ಅದನ್ನು ನಿಧಾನವಾಗಿ ತೋರಿಸಿ. ಆಮೇಲೆ ಘರ (ಮನೆ), ಛೋರಿ (ಹುಡುಗಿ). ಕನ್ನಡದ ಪಾಠಗಳಲ್ಲಿ ಮಹಾಪ್ರಾಣಗಳನ್ನು ಕೊನೆಗೆ ತಳ್ಳುತ್ತಾರೆ. ಗೋರ್ ಬೋಲಿಯಲ್ಲಿ ಘರ ಇಲ್ಲದೆ ಮನೆಯೇ ಇಲ್ಲ. ಆದ್ದರಿಂದ ಇವು ಬೇಗ ಬರಬೇಕು. ವಾರಕ್ಕೆ ಮೂರು ಪದ ಸಾಕು. ಪದದ ಕೊನೆ ಉದ್ದವೋ ಗಿಡ್ಡವೋ ಅಂತ ಗೊಂದಲ ಬಂದರೆ ಅವರ ಬಾಯಲ್ಲಿ ಕೇಳಿ ಒಂದನ್ನು ಗೊತ್ತು ಮಾಡಿಕೊಳ್ಳಿ, ಆಮೇಲೆ ಬದಲಿಸಬೇಡಿ.

ಕಳೆದ ನಾಣ್ಯದ ಕತೆ

ಎರಡು ತಿಂಗಳಾದಾಗ ಪದಗಳು ಸಾಕಾಗುವುದಿಲ್ಲ. ಕತೆ ಬೇಕು. ಗೋರ್ ಬೋಲಿಯಲ್ಲಿ ಹೊಸ ಓದುಗರಿಗೆ ತಕ್ಕ ಪುಸ್ತಕ ನಿಮ್ಮ ಅಂಗಡಿಯಲ್ಲಿ ಸಿಗಲಿಕ್ಕಿಲ್ಲ. ಅವರಿಂದಲೇ ಬರೆಸಿ.

ಸತ್ಯವೇದದ ದಿನಕ್ಕೆ ಬರುವವರ ಜೊತೆ ನಾವು ಲೂಕನ ಸುವಾರ್ತೆಯ 15ನೇ ಅಧ್ಯಾಯದ ಚಿಕ್ಕ ಸಾಮ್ಯವೊಂದನ್ನು ಆರಿಸಿಕೊಂಡೆವು. ಹತ್ತು ಬೆಳ್ಳಿ ನಾಣ್ಯ ಇದ್ದ ಹೆಂಗಸು ಒಂದನ್ನು ಕಳೆದುಕೊಳ್ಳುತ್ತಾಳೆ. ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ, ಸಿಕ್ಕಾಗ ನೆರೆಯವರನ್ನು ಕರೆದು ಸಂತೋಷಪಡುತ್ತಾಳೆ. ಈ ಕತೆಯನ್ನು ನಾನು ನೂರು ಸಲ ಕೇಳಿದ್ದೆ. ತಾಂಡಾದಲ್ಲಿ ಹೇಳುವ ತನಕ ನನಗೆ ಅದು ತಿಳಿದಿರಲೇ ಇಲ್ಲ. ಲಂಬಾಣಿ ಹೆಂಗಸರು ನಾಣ್ಯಗಳನ್ನು ಬಟ್ಟೆಗೆ ಹೊಲಿದು ತೊಡುವವರು. ಒಂದು ನಾಣ್ಯ ಬಿದ್ದರೆ ಜಾಗ ಖಾಲಿ ಕಾಣುತ್ತದೆ, ಮೈಗೇ ಗೊತ್ತಾಗುತ್ತದೆ. ಕತೆ ಮುಗಿಯುವ ಮೊದಲೇ ಎಲ್ಲರೂ ಮಾತಾಡಲು ಶುರು ಮಾಡಿದರು. ಅಜ್ಜಿ ಕೊಟ್ಟ ನಾಣ್ಯ, ಸಾಲಕ್ಕೆ ಮಾರಿದ ನಾಣ್ಯ, ಮಗಳ ಮದುವೆಗೆ ಬಿಚ್ಚಿದ ನಾಣ್ಯ.

ಆಗ ಮಾಡಬೇಕಾದ್ದು ಇಷ್ಟು. ಒಬ್ಬರು ಕತೆಯನ್ನು ತಮ್ಮ ಮಾತಿನಲ್ಲಿ ಮತ್ತೆ ಹೇಳಲಿ. ನೀವು ಅವರು ಆಡಿದಂತೆಯೇ ಐದು ಸಾಲು ಬರೆದುಕೊಳ್ಳಿ. ವ್ಯಾಕರಣ ತಿದ್ದಬೇಡಿ, ಚಂದ ಮಾಡಬೇಡಿ. ದೊಡ್ಡ ಅಕ್ಷರದಲ್ಲಿ ಹಾಳೆಗೆ ಇಳಿಸಿ, ಮರುದಿನ ಅದೇ ಪಾಠ. ಓದುವವರಿಗೆ ಪ್ರತಿ ಮಾತೂ ಗೊತ್ತು, ಯಾಕೆಂದರೆ ಅದು ಅವರದೇ ಬಾಯಿಂದ ಬಂದದ್ದು. ಎಲ್ಲರೂ ಇರುವ ತರಗತಿಯಲ್ಲಿ ಅವರು ಹೇಳಿದ ತಮ್ಮ ನಾಣ್ಯದ ಕತೆಗಳನ್ನೇ ಇದೇ ಥರ ಬರೆಸಿ. ಹತ್ತು ಕತೆ ಆದಾಗ ಝೆರಾಕ್ಸ್ ಮಾಡಿಸಿ, ಮಧ್ಯೆ ಹೊಲಿದು ಪುಸ್ತಕ ಮಾಡಿ, ಹೇಳಿದವರನ್ನು ಕೇಳಿಕೊಂಡು ಅವರ ಹೆಸರು ಹಾಕಿ.

ಒಂದು ಎಚ್ಚರಿಕೆ ಹೇಳಬೇಕು. 23ನೇ ಕೀರ್ತನೆ, ಕರ್ತನ ಪ್ರಾರ್ಥನೆ, ಸಭೆಯ ಹಾಡುಗಳು ಇವರಿಗೆ ಬಾಯಿಪಾಠ. ಪುಸ್ತಕ ಹಿಡಿದು ಗಳಗಳ ಹೇಳುತ್ತಾರೆ. ಸಭಾಪಾಲಕರು ಸಂತೋಷಪಡುತ್ತಾರೆ, ಕೆಲವು ಸಲ ಪುಸ್ತಕ ತಲೆಕೆಳಗಾಗಿರುತ್ತದೆ. ಅದು ಓದಲ್ಲ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು, ಉಳಿದದ್ದನ್ನು ಕೈಯಿಂದ ಮುಚ್ಚಿ, ಇದೇನು ಅಂತ ಕೇಳಿ. ಅದೇ ಪದವನ್ನು ಬೇರೆ ಹಾಳೆಯಲ್ಲಿ ಬರೆದು ಕೇಳಿ. ಬಂದರೆ ಓದು. ನಾಚಿಕೆಯಾಗದ ಹಾಗೆ, ಒಬ್ಬರೇ ಇದ್ದಾಗ ಕೇಳಿ.

ಕನ್ನಡಕ್ಕೆ ದಾಟುವುದು

ಲಿಪಿ ಒಂದೇ ಆದ್ದರಿಂದ ಇದು ಕಷ್ಟದ ಹೊಳೆಯಲ್ಲ. ನಾಲ್ಕನೇ ತಿಂಗಳಿಂದ ಗೋಡೆಯ ಮೇಲೆ ಜೋಡಿ ಪದಗಳು ಬರಲಿ. ಪಾಣಿ ಪಕ್ಕ ನೀರು, ಘರ ಪಕ್ಕ ಮನೆ. ಆಮೇಲೆ ಮನೆಯಲ್ಲಿರುವ ಕಾಗದಗಳೇ ಪಾಠ. ಬಸ್ಸಿನ ಬೋರ್ಡು ಮೊದಲು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಟಿಕೆಟ್ಟಿಗೆ ದುಡ್ಡು ಬೇಡ, ಬೋರ್ಡು ಓದಲು ಬಂದರೆ ಯಾರನ್ನೂ ಕೇಳಬೇಕಿಲ್ಲ. ಮುಂದೆ ಗೃಹಲಕ್ಷ್ಮಿಯ 2000 ರೂಪಾಯಿ ಬಂದಿದೆಯೋ ಇಲ್ಲವೋ ಅಂತ ಪಾಸ್‌ಬುಕ್ಕಿನಲ್ಲಿ ನೋಡುವುದು. ಅದಾದ ಮೇಲೆ ಹಕ್ಕುಪತ್ರ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಮನೆ ಜಾಗದ ಹಕ್ಕುಪತ್ರ ಕೊಟ್ಟರು. ಎಷ್ಟೋ ಮನೆಯಲ್ಲಿ ಅದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದೆ, ಒಳಗೆ ಏನಿದೆ ಅಂತ ಆ ಮನೆಯ ಹೆಂಗಸಿಗೆ ಗೊತ್ತಿಲ್ಲ. ಚೀಲ ಬಿಚ್ಚಿಸಿ. ಹೆಸರು, ಅಳತೆ, ನಾಲ್ಕು ದಿಕ್ಕಿನ ಗಡಿ ಒಂದೊಂದಾಗಿ ಓದಿಸಿ.

ಸಹಿ ಕಲಿಸಿ ಅಲ್ಲಿಗೇ ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಹೆಬ್ಬೆಟ್ಟು ಒತ್ತುವ ಹೆಂಗಸು ಭಯಪಟ್ಟು ಯಾರನ್ನಾದರೂ ಕೇಳುತ್ತಾಳೆ. ಸಹಿ ಮಾತ್ರ ಕಲಿತವಳು ಕೇಳದೆ ಹಾಕಿಬಿಡುತ್ತಾಳೆ, ಸಾಲದ ಕಾಗದಕ್ಕೂ ಹಾಕುತ್ತಾಳೆ. ಸಹಿಯ ಜೊತೆಗೆ ಮೊತ್ತ, ಬಡ್ಡಿ, ಕಂತು, ತಾರೀಖು ಈ ನಾಲ್ಕು ಪದ ಕಾಗದದಲ್ಲಿ ಎಲ್ಲಿವೆ ಅಂತ ಹುಡುಕಲು ಕಲಿಸಲೇಬೇಕು.

ಲೆಕ್ಕಕ್ಕೆ ಜಾಸ್ತಿ ಹೊತ್ತು ಬೇಡ. ಬಾಯಿಲೆಕ್ಕದಲ್ಲಿ ಅವರು ನಮ್ಮನ್ನು ಮೀರಿಸುತ್ತಾರೆ. ಫೋನಿನ ಮೇಲಿರುವ 1, 2, 3 ಮೊದಲು, ಕನ್ನಡ ಅಂಕಿ ಆಮೇಲೆ.

ಪ್ರಮಾಣಪತ್ರ ಬೇಕು ಅನ್ನುವವರಿಗೆ ಕೇಂದ್ರ ಸರ್ಕಾರದ ಉಲ್ಲಾಸ್ ಕಾರ್ಯಕ್ರಮ ಇದೆ. 15 ವರ್ಷ ದಾಟಿದ ಯಾರೂ ಸೇರಬಹುದು. ಓದು, ಬರಹ, ಲೆಕ್ಕ ಸೇರಿ 150 ಅಂಕದ ಪರೀಕ್ಷೆ, ಕನ್ನಡದಲ್ಲೇ ಬರೆಯಬಹುದು. ನಮ್ಮ ರಾಜ್ಯದಲ್ಲಿ ಲೋಕ ಶಿಕ್ಷಣ ಇಲಾಖೆ ನೋಡಿಕೊಳ್ಳುತ್ತದೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸಿ.

ಗುಳೆಗೆ ಹೊರಟಾಗ

ದೀಪಾವಳಿ ಹತ್ತಿರ ಬಂದಂತೆ ಚಾಪೆ ಖಾಲಿಯಾಗತೊಡಗುತ್ತದೆ. ಐದು ತಿಂಗಳು ಅಕ್ಷರ ಮುಟ್ಟದಿದ್ದರೆ ಕಲಿತದ್ದರಲ್ಲಿ ಅರ್ಧ ಹೋಗುತ್ತದೆ. ಆದ್ದರಿಂದ ಗಂಟು ಕಟ್ಟುವ ದಿನ ಅವರ ಮನೆಗೆ ಹೋಗಿ ಮೂರು ವಸ್ತು ಕೊಡಿ. ಅವರೇ ಹೇಳಿದ ಕತೆಗಳ ಪುಸ್ತಕ, ಕನ್ನಡಕ, ಎರಡು ಪೆನ್ನಿನ ಜೊತೆ ಒಂದು ಚಿಕ್ಕ ನೋಟ್‌ಬುಕ್ಕು. ದಿನಕ್ಕೆ ಒಂದೇ ಸಾಲು ಬರೆಯಲು ಹೇಳಿ. ಇವತ್ತು ಎಷ್ಟು ಟನ್ ಕಬ್ಬು ಕಡಿದೆವು, ಮುಂಗಡದಲ್ಲಿ ಎಷ್ಟು ತೀರಿತು, ಯಾವ ಊರಿನಲ್ಲಿ ಗುಡಿಸಲು ಹಾಕಿದೆವು. ಗೋರ್ ಬೋಲಿಯೋ ಕನ್ನಡವೋ, ಕೈಗೆ ಬಂದದ್ದು. ಒಂದೇ ಗ್ಯಾಂಗಿನಲ್ಲಿ ತರಗತಿಯ ಇಬ್ಬರು ಇದ್ದರೆ ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದಲಿ. ವಾರಕ್ಕೊಮ್ಮೆ ಫೋನು ಮಾಡಿ ಒಂದು ಸಾಲು ಓದಿ ಹೇಳಲು ಕೇಳಿ.

ಯುಗಾದಿಗೆ ಮರಳಿದಾಗ ಹೊಸ ಪಾಠ ತೆಗೆಯಬೇಡಿ. ಆ ನೋಟ್‌ಬುಕ್ಕುಗಳನ್ನು ತರಿಸಿ ಚಾಪೆಯ ಮೇಲೆ ಇಡಿಸಿ. ಮೊದಲ ವಾರ ಅವನ್ನೇ ಓದಿ. ಟನ್ನಿನ ಲೆಕ್ಕವನ್ನು ಗ್ಯಾಂಗಿನ ಮೇಸ್ತ್ರಿ ಮುಕಾದಮನ ಲೆಕ್ಕದ ಜೊತೆ ಹೋಲಿಸಲು ಅವರಿಗೆ ಮನಸ್ಸಾದರೆ ಅದಕ್ಕೂ ಒಂದು ರಾತ್ರಿ ಬಿಡಿ.